ಅಪ್‌ಡೇಟ್: ನಾವು ಹೊಲಿದ ಗೊಂಬೆಗಳು ಅಂಗನವಾಡಿ ಸೇರಿದವು

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಕಚೇರಿಯವರು ಸೇರಿ ಬಡ ಮಕ್ಕಳಿಗೆ ಕೈಯಾರೆ ಯಾವ ಆಟಿಕೆ ಮಾಡಬಹುದು ಎಂದು ಕಳೆದ ತಿಂಗಳು ಕೇಳಿದ್ದೆ. ಬಟ್ಟೆಯ ಗೊಂಬೆ ಎಂದವರಿಗೆಲ್ಲ ಮನಸಾರೆ ಧನ್ಯವಾದ. ಅದನ್ನೇ ಮಾಡಿದೆವು.

ದುರ್ಗದ ಬೈಲಿನ ದರ್ಜಿಗಳಿಂದ ಕುಬಸದ ಖಣದ ತುಂಡುಗಳನ್ನು ಕೇಳಿ ತಂದು, ಒಗೆದು, ಎರಡು ಶನಿವಾರ 18 ಜನ ಹೊಲಿಯಲು ಕುಳಿತೆವು. ‘ಗುಂಡಿಯ ಕಣ್ಣು ಬೇಡ’ ಎಂದು ಒಬ್ಬ ತಾಯಿ ಎಚ್ಚರಿಸಿದ್ದರು. ಅವರಿಗೆ ನಾನು ಋಣಿ. ನಾವು ಅಷ್ಟರಲ್ಲಾಗಲೇ ಮೊದಲ ಗೊಂಬೆಗೆ ಗುಂಡಿ ಹಚ್ಚಿದ್ದೆವು. ಲೆಕ್ಕ ವಿಭಾಗದ ಅಕ್ಕ ಎರಡು ಬಾರಿ ಜಗ್ಗಿದ್ದೇ ತಡ, ಅದು ಕಿತ್ತು ಅವರ ಅಂಗೈಗೆ ಬಂತು. ನನ್ನ ಎದೆ ಧಸಕ್ಕೆಂದಿತು. ಮೂರು ವರ್ಷದೊಳಗಿನವರು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ, ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಚಿಕ್ಕದೇ ಎಂದು ನೋಡಲು ಬಳಸುವ 31.7 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಹಿಡಿಯುವಂಥ ಬಿಡಿಭಾಗ ಅವರ ಆಟಿಕೆಯಲ್ಲಿ ಇರಕೂಡದು. ಗುಂಡಿಗಳನ್ನೆಲ್ಲ ಬಿಚ್ಚಿದೆವು. ಕಸೂತಿ ಬಲ್ಲ ಧಾರವಾಡದ ಸಹೋದ್ಯೋಗಿಯೊಬ್ಬರು ಕಪ್ಪು ದಾರದಲ್ಲಿ, ಗಂಟೇ ಕಾಣದಂತೆ, ಕಣ್ಣು ಬಿಡಿಸಲು ಕಲಿಸಿದರು. ಎಷ್ಟು ಚೆಂದದ ಕಣ್ಣುಗಳು!

ಮೊನ್ನೆ 31 ಗೊಂಬೆಗಳನ್ನು ಅಂಗನವಾಡಿಗೆ ಕೊಟ್ಟು ಬಂದೆವು. ನಾವು ಹೊರಡುವಾಗ ಒಬ್ಬ ಪುಟ್ಟಿ ತನ್ನ ಗೊಂಬೆಗೆ ಅನ್ನದ ತುತ್ತು ಹಿಡಿದು ಕುಳಿತಿದ್ದಳು.

ದೀಪಾವಳಿಗೆ ಇನ್ನಷ್ಟು ಹೊಲಿಯುತ್ತೇವೆ. ಒಳಗೆ ತುಂಬಲು ಶುಭ್ರವಾದ ಅರಳೆ ಇದ್ದವರು ದಯವಿಟ್ಟು ತಿಳಿಸಿ.