ಪದಚರ್ಚೆ: ಬಾಗಿಲು ತಿರುಗಿಸಿದರೆ ಹಿತ್ತಲೂ ತಿರುಗುತ್ತದಾ?

ಬಳಗದವರಿಗೆ ನಮಸ್ಕಾರ.

‘ಹಿತ್ತಲು’ ಎಂಬ ಒಂದು ಪದದ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ದಿನದ ಕೆಲಸ ಹಾಳಾಯಿತು, ಒಂದು ಬಸಳೆ ಚಪ್ಪರವೂ ಹೋಯಿತು. ಅದಕ್ಕೇ ಈ ಓಲೆ.

ಸಾಗರ ತಾಲ್ಲೂಕಿನ ನಮ್ಮ ಹಳೆ ಮನೆಯನ್ನು ತಮ್ಮ ಈಚೆಗೆ ಹೊಸದು ಮಾಡಿಸಿದ್ದಾನೆ. ಹೆಂಚು ಇಳಿಸಿ ತಾರಸಿ ಹಾಕಿಸಿದ. ಗೋಡೆ ಒಡೆಸಿ ಆಳೆತ್ತರದ ಗಾಜಿನ ಬಾಗಿಲು ಕೂರಿಸಿದ. ಮೊದಲು ಮನೆಯ ಬಾಗಿಲು ಪೂರ್ವಕ್ಕಿತ್ತು. ಅದರ ಎದುರಿಗೆ ಅಂಗಳ, ಅಲ್ಲಿ ತುಳಸಿಕಟ್ಟೆ, ಸುಗ್ಗಿಯಲ್ಲಿ ಅಡಿಕೆ ಒಣಗಿಸುವ ಜಾಗ. ಈಗ ಟಾರು ರಸ್ತೆ ಬಂದಿರುವುದು ಪಶ್ಚಿಮಕ್ಕೆ. ಕಾರು ಬರಬೇಕಲ್ಲ, ಬಾಗಿಲೂ ಅತ್ತ ತಿರುಗಿತು. ಬಾವಿ, ಹಳೆ ಬಚ್ಚಲು, ಕೆಸು, ಬಸಳೆ ಎಲ್ಲ ಇದ್ದ ಹಿತ್ತಲ ಕಡೆಗೆ ಮನೆಯ ಮುಖ ಬಂದುಬಿಟ್ಟಿತು.

ಮನೆ ಹೊಸದಾದ ಮೇಲೆ ಸುತ್ತಲ ಜಾಗವೂ ಅದಕ್ಕೆ ಹೊಂದಬೇಕು ಅಂತ ಪೇಟೆಯಿಂದ ಒಬ್ಬ ವಿನ್ಯಾಸಕಾರರನ್ನು ಕರೆಸಿದೆವು. ಅಮ್ಮನಿಗೆ ಪೂಜೆಗೆ ದಾಸವಾಳ ಬೇಕು. ಮಕ್ಕಳಿಗೆ ಉಯ್ಯಾಲೆ. ತಮ್ಮನಿಗೆ ಸಂಜೆ ಕಾಲು ಚಾಚಿ ಕೂರುವ ಕಟ್ಟೆ. ಎಲ್ಲವನ್ನೂ ಸೇರಿಸಿ ನಕ್ಷೆ ಬಂತು. ತಲೆಬರಹ ‘ಕುಟುಂಬ ಉದ್ಯಾನ’. ಒಂದು ಕಡೆ ‘ಹುಲ್ಲುಹಾಸು’. ಇನ್ನೊಂದು ಕಡೆ ‘ಹಿತ್ತಲು: ಕಲ್ಲುಹಾಸು’.

ಅವರ ಲೆಕ್ಕದಲ್ಲಿ ಹಿತ್ತಲು ಎಂದರೆ ಈಗಿನ ಬಾಗಿಲಿಗೆ ಹಿಂದಿರುವುದು, ಅಂದರೆ ನಮ್ಮ ಹಳೆ ಅಂಗಳ. ಕಲ್ಲು ಕೆಲಸದ ಮೇಸ್ತ್ರಿ ನಮ್ಮೂರಿನವರೇ. ಅವರಿಗೆ ಹಿತ್ತಲು ಎಂದರೆ ಬಾವಿಯ ಕಡೆ, ಅದರಲ್ಲಿ ಕೇಳುವುದೇನಿದೆ? ಬೆಳಿಗ್ಗೆ ಬಂದವರೇ ಬಸಳೆ ಚಪ್ಪರ ಕಿತ್ತು, ನೆಲ ಸಮ ಮಾಡಿ, ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಕಲ್ಲು ಕೂರಿಸಿದ್ದರು. ಅಮ್ಮ ತಂಬುಳಿಗೆ ಒಂದೆಲಗ ಕೊಯ್ಯಲು ಹೋದಾಗ ಗೊತ್ತಾಯಿತು. ಎರಡು ಕಲ್ಲಿನ ಸಂದಿಯಲ್ಲಿ ನಾಲ್ಕೇ ನಾಲ್ಕು ಎಲೆ ಇಣುಕುತ್ತಿದ್ದವು.

ಮೇಸ್ತ್ರಿ ಕಾಗದ ತೋರಿಸಿ, ‘ಹಿತ್ಲು ಅಂತ್ಲೇ ಬರ್ದಾರಲ್ಲ ಅಮ್ಮಾ’ ಎಂದರು. ವಿನ್ಯಾಸಕಾರರು ಫೋನಿನಲ್ಲಿ, ‘ಮೇಡಂ, ಅದು ಈಗ ಮುಂಭಾಗ ಅಲ್ವಾ’ ಎಂದರು. ಅಮ್ಮ ಇಬ್ಬರಿಗೂ ಕೇಳುವ ಹಾಗೆ, ‘ಬಾಗ್ಲು ತಿರುಗ್ಸಿದ್ರೆ ಹಿತ್ಲೂ ತಿರುಗ್ತಾ?’ ಎಂದರು. ನನ್ನ ಪ್ರಶ್ನೆಯೂ ಅದೇ.

ಪದದ ಬೇರು ನೋಡಿದರೆ ವಿನ್ಯಾಸಕಾರರು ಗೆಲ್ಲುತ್ತಾರೆ. ಹಳಗನ್ನಡದ ಪಿತ್ತಿಲ್, ಪಾಲ್ ಹಾಲಾದಂತೆ ಪೂ ಹೂವಾದಂತೆ, ಹಿತ್ತಿಲು, ಹಿತ್ತಲು ಆಯಿತು. ಪದದೊಳಗೆ ಇರುವುದು ‘ಹಿಂದೆ’ ಎಂಬುದರ ಬೇರು. ಹಿಂದೆ ಇರುವುದು ಹಿತ್ತಲು.

ಆದರೆ ಬಳಕೆ ಬೇರೆ ದಾರಿ ಹಿಡಿದಿದೆ. ‘ಹಿತ್ತಲ ಗಿಡ ಮದ್ದಲ್ಲ’ ಎನ್ನುವಾಗ ಯಾರೂ ದಿಕ್ಕು ನೋಡುವುದಿಲ್ಲ. ಕಣ್ಣೆದುರೇ ಇದ್ದು ಬೆಲೆ ಕಳೆದುಕೊಂಡದ್ದು ಎಂದೇ ಅರ್ಥ. ಕರಾವಳಿಯಲ್ಲಿ ಮನೆಯನ್ನೂ ಸುತ್ತಲ ತೆಂಗಿನ ಮರಗಳನ್ನೂ ಸೇರಿಸಿ ಇಡೀ ಜಾಗಕ್ಕೇ ಹಿತ್ಲು ಅನ್ನುವುದನ್ನು ಕೇಳಿದ್ದೇನೆ. ಅಲ್ಲಿ ‘ಹಿಂದೆ’ ಪೂರ್ತಿ ಸವೆದುಹೋಗಿದೆ. ನಮ್ಮಲ್ಲೂ ಹಿತ್ತಲನ್ನು ಹಿತ್ತಲು ಮಾಡುವುದು ಬಚ್ಚಲ ನೀರು, ಒಲೆಯ ಬೂದಿ, ಪಾತ್ರೆ ತೊಳೆಯುವ ಕಲ್ಲು, ಅದೇ ನೀರಿಗೆ ಕೊಬ್ಬಿ ನಿಂತ ಕೆಸು, ಬಾಳೆ. ಅಂಗಳ ಅಂದರೆ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕಿ, ನೆಂಟರನ್ನು ಎದುರುಗೊಳ್ಳುವ ಜಾಗ. ಹಿತ್ತಲಿಗೆ ಹೆಸರು ಬಂದಿರುವುದು ದಿಕ್ಕಿನಿಂದ ಇರಬಹುದು, ಆದರೆ ಎರಡು ಹೆಸರೂ ಉಳಿದಿರುವುದು ಅಲ್ಲಿ ನಡೆಯುವ ಕೆಲಸದಿಂದ. ನಾನು ಅಮ್ಮನ ಕಡೆ.

ಇನ್ನೊಂದು ಅನುಮಾನವೂ ಇದೆ. ಹಿತ್ತಲು ಎನ್ನಲು ನಮಗೆ ಸ್ವಲ್ಪ ನಾಚಿಕೆ. ಬಯಲುಸೀಮೆಯ ಕೆಲವು ಕಡೆ ‘ಹಿತ್ತಲ ಕಡೆ ಹೋಗಿ ಬರ್ತೀನಿ’ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಗಾಜಿನ ಬಾಗಿಲು ಇಡಿಸಿದವರು ಅದರ ಎದುರಿಗೆ ಹಿತ್ತಲು ಇದೆ ಅಂತ ಹೇಳಿಕೊಳ್ಳುತ್ತಾರಾ? ಅದಕ್ಕೇ ‘ಉದ್ಯಾನ’ ಬಂದು ಕೂತಿರಬೇಕು. ನನ್ನ ಕಿವಿಗೆ ಉದ್ಯಾನ ಅಂದರೆ ಟಿಕೆಟ್ಟು, ಕಾರಂಜಿ, ‘ಹೂ ಕೀಳಬಾರದು’ ಎಂಬ ಫಲಕ. ಉದ್ಯಾನವೂ ತೋಟವೇ, ವನವೂ ಅದೇ ನಂಟಿನದು. ಎರಡನ್ನೂ ಕಟ್ಟಿ ‘ಉದ್ಯಾನವನ’ ಮಾಡಿದ್ದೇವೆ. ನಮ್ಮಮ್ಮ ದಿನಾ ಬೆಳಿಗ್ಗೆ ಹೂ ಕೀಳುವ ಜಾಗಕ್ಕೆ ಆ ಹೆಸರು ಹೊಂದುವುದಿಲ್ಲ. ‘ಕುಟುಂಬ’ವಂತೂ ಪಡಿತರ ಚೀಟಿಯಿಂದ ಎದ್ದು ಬಂದ ಹಾಗಿದೆ.

ಹಾಗಾದರೆ ತೋಟ? ಅದಕ್ಕೂ ತೊಡಕಿದೆ. ನಮ್ಮಲ್ಲಿ ‘ತೋಟಕ್ಕೆ ಹೋಗಿದ್ದಾರೆ’ ಅಂದರೆ ಅಡಿಕೆ ತೋಟಕ್ಕೆ. ಕೊಡಗಿನಲ್ಲಾದರೆ ಕಾಫಿ ತೋಟಕ್ಕೆ. ಕೈತೋಟ ಒಳ್ಳೆಯ ಪದ. ಕೈಸಾಲ, ಕೈಚೀಲದ ಹಾಗೆ ಚಿಕ್ಕದು, ಕೈಗೆ ಎಟುಕುವುದು ಎಂಬ ಭಾವ ಇದೆ. ತೋಟಗಾರಿಕೆಯವರ ಕೈಪಿಡಿಗಳಲ್ಲೂ ಅದೇ ಇದೆ. ಆದರೆ ಉಯ್ಯಾಲೆ, ಕಟ್ಟೆ, ಹುಲ್ಲು ಎಲ್ಲ ಕೈತೋಟದಲ್ಲಿ ಸೇರುತ್ತವೆಯೇ? ನನಗೆ ಕೈತೋಟ ಅಂದರೆ ಬೆಂಡೆ, ಬದನೆ, ಹೀರೆಬಳ್ಳಿಗೇ ನಿಲ್ಲುತ್ತದೆ.

ನಕ್ಷೆಯ ಉಳಿದ ಪದಗಳಲ್ಲಿ ಹೆಚ್ಚು ಜಗಳವಿಲ್ಲ. ಇಂಗ್ಲಿಷಿನ ‘ರೈಸ್ಡ್ ಬೆಡ್’ ಒಂದು ಕಡೆ ‘ಎತ್ತರಿಸಿದ ಹಾಸಿಗೆ’ ಆಗಿತ್ತು, ನಕ್ಕು ಸಾಕಾಯಿತು. ಸೊಪ್ಪು ಬೆಳೆಯುವ ಅದಕ್ಕೆ ಏರುಮಡಿ ಅಂತ ಬರೆದೆವು. ಗಿಡದ ಬುಡಕ್ಕೆ ಪಾತಿ. ಹಾಸುವ ಕೆಂಪು ಕಲ್ಲಿಗೆ ನಾವು ಜಂಬಿಟ್ಟಿಗೆ ಅನ್ನುತ್ತೇವೆ, ಘಟ್ಟದ ಕೆಳಗಿನವರು ಚಿರೆಕಲ್ಲು, ಮುರಕಲ್ಲು ಅನ್ನುತ್ತಾರೆ. ಬೇಲಿಯಲ್ಲಿ ಗಳ ಸರಿಸಿ ದಾಟುವ ಬಾಗಿಲು ನಮಗೆ ದಣಪೆ, ಕೆಲವರಿಗೆ ಉಣಗೋಲು. ಹುಲ್ಲುಹಾಸು ಪದ ಸರಿಯಾಗಿದೆ, ಹುಲ್ಲು ಬದುಕುತ್ತದಾ ಎನ್ನುವುದೇ ಅನುಮಾನ. ನಮ್ಮ ಮಳೆಗಾಲದಲ್ಲಿ ಅಂಗಳ ಜಾರಬಾರದು ಅಂತ ಸೋಗೆ ಹಾಸುತ್ತಿದ್ದೆವು. ಪಾಚಿ ಕಟ್ಟಿದ ಮೇಲೆ ಹುಲ್ಲಿಗೂ ಸೋಗೆ ಹಾಸಬೇಕಾದೀತು.

ಕೊನೆಗೆ ಅಂಗಳದ್ದೇ ಒಂದು ಮಾತು. ಅಂಗಣವೇ ಅಂಗಳ ಆಗಿದೆ, ಅದು ಗೊತ್ತಿರುವುದೇ. ತೊಟ್ಟಿಮನೆಗಳಲ್ಲಿ ನಡುವೆ ಒಂದು ಒಳ ಅಂಗಳ ಇರುತ್ತದೆ. ಮೇಲೆ ಮಾಡು (ಸೂರು) ಇಲ್ಲ, ಮಳೆ ನೇರ ಒಳಗೇ ಬೀಳುತ್ತದೆ. ಈಗ ಒಳಾಂಗಣ ಅಂದರೆ ಮಾಡಿನ ಕೆಳಗಿರುವುದೆಲ್ಲ. ಒಳಾಂಗಣ ಕ್ರೀಡಾಂಗಣ, ಒಳಾಂಗಣ ವಿನ್ಯಾಸ. ಆಕಾಶ ಕಾಣುವ ಪದ ಆಕಾಶ ಕಾಣದ ಜಾಗಕ್ಕೆ ಹೋಗಿ ಕೂತಿದೆ. ಸಂಧಿಯನ್ನಾದರೂ ನೋಡಿ: ಒಳ + ಅಂಗಿ ಒಳಂಗಿ ಆಗುತ್ತದೆ, ಒಳಾಂಗಿ ಅಲ್ಲ. ಒಳ + ಅಂಗಣ ಮಾತ್ರ ಸಂಸ್ಕೃತದ ದಾರಿ ಹಿಡಿದು ಒಳಾಂಗಣ ಆಯಿತು. ಅಂಗಳ ಇಷ್ಟು ದೂರ ನಡೆಯಬಹುದಾದರೆ ಹಿತ್ತಲು ಮನೆಯ ಎದುರಿಗೆ ಬಂದದ್ದು ದೊಡ್ಡ ಮಾತಲ್ಲ ಅಂತಲೂ ಅನ್ನಿಸುತ್ತದೆ.

ನಿಮ್ಮಲ್ಲಿ ಹೀಗೆ ಬಾಗಿಲು ತಿರುಗಿಸಿದ ಮನೆಗಳಿದ್ದರೆ ತಿಳಿಸಿ. ಅಲ್ಲಿ ಹಳೆ ಹಿತ್ತಲನ್ನು ಈಗ ಏನಂತ ಕರೆಯುತ್ತಾರೆ? ಮನೆಯ ಹಿರಿಯರೂ ಮಕ್ಕಳೂ ಒಂದೇ ಹೆಸರು ಹೇಳುತ್ತಾರಾ? ತುಳುವಿನ ಜಾಲ್ (ಅಂಗಳ), ಉತ್ತರ ಕರ್ನಾಟಕದ ಕಡೆಯ ಪದಗಳು ಯಾವುದಾದರೂ ಸರಿ. ಸುಮ್ನೆ ನಿಘಂಟಿನಿಂದ ಎತ್ತಿ ಕೊಡಬೇಡಿ, ಬಾಯಲ್ಲಿ ಕೇಳಿದ್ದನ್ನು ಬರೆಯಿರಿ.

ನಕ್ಷೆ ತಿದ್ದಿ ಮೇಸ್ತ್ರಿಗೆ ಮತ್ತೆ ಕೊಡಬೇಕಿದೆ. ಸದ್ಯಕ್ಕೆ ಅಮ್ಮ ಪೆನ್ಸಿಲಿನಲ್ಲಿ ಒಂದು ಕಡೆ ‘ಬಾವಿ ಹಿತ್ಲು’, ಇನ್ನೊಂದು ಕಡೆ ‘ತುಳಸಿ ಅಂಗಳ’ ಎಂದು ಬರೆದಿದ್ದಾರೆ. ಇಪ್ಪತ್ತು ಕಲ್ಲಿನಲ್ಲಿ ಹದಿನೆಂಟು ಎಬ್ಬಿಸಿ ಆಯಿತು. ಉಳಿದ ಎರಡು ಬಾವಿಕಟ್ಟೆಯ ಹತ್ತಿರ ಕೊಡ ಇಡಲು ಅನುಕೂಲವಾಗಿವೆಯಂತೆ, ಅವು ಅಲ್ಲೇ ಇರಲಿ ಎಂದಿದ್ದಾರೆ.