‘ಪ್ರಸರಣ’ ಅಂದರೆ ಯಾವ ಪಾರ್ಟು? ಆಯಿಲ್ ಸೀಯುವುದೋ ಕಮರುವುದೋ?

ಎಲ್ಲರಿಗೂ ನಮಸ್ಕಾರ.

ಬೇಸಿಗೆಯಲ್ಲಿ ಗಾಡಿ ಓಡಿಸುವವರಿಗಾಗಿ ಬರೆದ ಸಣ್ಣ ಕೈಪಿಡಿಯೊಂದರ ಕನ್ನಡ ಕರಡು ತಿದ್ದುವುದಕ್ಕೆ ನನ್ನ ಕೈಗೆ ಬಂದಿದೆ. ಮೊದಲ ಸಾಲೇ ಹೀಗಿದೆ: ‘ಬಿಸಿಲಿನಲ್ಲಿ ನಿಮ್ಮ ವಾಹನದ ಪ್ರಸರಣವನ್ನು ಸಂರಕ್ಷಿಸಿ.’ ಮೂವರಿಗೆ ಓದಿ ಹೇಳಿದೆ. ಒಬ್ಬರು ರೇಡಿಯೊ ಅಂದುಕೊಂಡರು, ಇನ್ನೊಬ್ಬರು ಹೊಗೆ ಅಂದುಕೊಂಡರು. ಮೂರನೆಯವರು ಡ್ರೈವರ್. ಅವರು ಕೇಳಿದ್ದು, ‘ಅದ್ಯಾವ ಪಾರ್ಟು ಸಾರ್?’

ಇಂಗ್ಲಿಷಿನ ‘ಟ್ರಾನ್ಸ್‌ಮಿಷನ್’ಗೆ ಇಟ್ಟ ಈ ಪ್ರಸರಣ ಕೆಟ್ಟ ಪದವಲ್ಲ. ವಿದ್ಯುತ್ತಿಗೆ, ರೋಗಕ್ಕೆ, ಸುದ್ದಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದರಲ್ಲಿ ಹರಡುವ ಭಾವ ಇದೆ. ಗಾಡಿಯಲ್ಲಿ ಏನೂ ಹರಡುವುದಿಲ್ಲ, ಇಂಜಿನ್ನಿನ ತಿರುಗುಬಲ ಏರಿಗೆ ಬೇಕಾದ ಹಾಗೆ, ವೇಗಕ್ಕೆ ಬೇಕಾದ ಹಾಗೆ ಮಾರ್ಪಟ್ಟು ಗಾಲಿಗೆ ದಾಟುತ್ತದೆ. ‘ಗೇರ್‌ಬಾಕ್ಸ್’ ಅಂದರೆ ಸಾಕಲ್ಲ ಎನ್ನಬಹುದು. ಆಗ ಕ್ಲಚ್ ಹೊರಗುಳಿಯುತ್ತದೆ. ಹಲವು ಆಟೊಮ್ಯಾಟಿಕ್ ಗಾಡಿಗಳಲ್ಲಿ ಕ್ಲಚ್ಚಿನ ಜಾಗದಲ್ಲಿ ಕೂತಿರುವ ಟಾರ್ಕ್ ಕನ್ವರ್ಟರ್ ಹೊರಗುಳಿಯುತ್ತದೆ, ಕಾವು ಹೆಚ್ಚಾಗಿ ಹುಟ್ಟುವುದೇ ಅಲ್ಲಿ. ಹಾಗಾಗಿ ಮೊದಲ ಸಲ ‘ಕ್ಲಚ್ಚು, ಗೇರ್‌ಬಾಕ್ಸು’ ಎಂದು ಎರಡನ್ನೂ ಹೇಳಿ, ಮುಂದೆ ಬರೀ ಗೇರ್‌ಬಾಕ್ಸ್ ಎಂದೇ ಸಾಗಿಸಿದ್ದೇನೆ. ಅಚ್ಚಕನ್ನಡದವರು ಬೈಯಬಹುದು. ‘ಗೇರುಪೆಟ್ಟಿಗೆ’ ಎಂದು ಬರೆದು ನೋಡಿದೆ, ಗೇರುಮರದ ಹಲಗೆಯಲ್ಲಿ ಮಾಡಿದ ಪೆಟ್ಟಿಗೆಯಂತೆ ಕೇಳಿಸಿತು. ಬಿಟ್ಟೆ.

ಇನ್ನು ‘ಪ್ರಸರಣ ದ್ರವ’. ಒಳಗಿರುವುದನ್ನು ಯಾರೂ ದ್ರವ ಅನ್ನುವುದಿಲ್ಲ, ಗೇರ್ ಆಯಿಲ್ ಅನ್ನುತ್ತಾರೆ. ‘ಎಣ್ಣೆ’ ಮಾಡಿದರೆ ಇನ್ನೊಂದು ಎಡವಟ್ಟು. ‘ಎಣ್ಣೆ ಸಾಕಷ್ಟು ಹಾಕಿಕೊಂಡು ಗಾಡಿ ತೆಗೆಯಿರಿ’ ಎಂಬ ಸಲಹೆಯನ್ನು ಅಚ್ಚು ಮಾಡಿದರೆ ಪೊಲೀಸರಿಗೆ ಉತ್ತರ ಹೇಳಬೇಕಾದವನು ನಾನೇ! ಆಯಿಲ್ ಎಂದೇ ಉಳಿಸಿದ್ದೇನೆ.

‘ಸ್ಲಿಪ್’ಗೆ ಕರಡಿನಲ್ಲಿ ‘ಸ್ಖಲನ’ ಎಂದಿತ್ತು. ಅದನ್ನು ಕಂಡ ಕೂಡಲೇ ಹೊಡೆದುಹಾಕಿದೆ, ಚರ್ಚೆ ಬೇಡ. ಗ್ಯಾರೇಜಿನ ಮಾತು ನೋಡಿ: ಕ್ಲಚ್ ಹಿಡಿಯುತ್ತಿಲ್ಲ, ಗೇರ್ ಬೀಳುತ್ತಿಲ್ಲ, ಇಂಜಿನ್ ಅರಚುತ್ತೆ ಗಾಡಿ ಹೋಗಲ್ಲ. ಮೂರೂ ಬೇರೆ ಬೇರೆ ಸಂಗತಿ, ಮೂರಕ್ಕೂ ಬೇರೆ ಬೇರೆ ಕ್ರಿಯಾಪದ. ‘ಜಾರು’ ಸಾಕೆಂದು ನನ್ನೆಣಿಕೆ, ‘ಹಿಡಿಯದೆ ಜಾರುತ್ತದೆ’ ಎಂದರೆ ಇನ್ನೂ ಸ್ಪಷ್ಟ.

ನಾನು ನಿಜವಾಗಿ ಸಿಕ್ಕಿಬಿದ್ದಿರುವುದು ವಾಸನೆಯಲ್ಲಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕೆಲಸ ಮಾಡುತ್ತದೆ. ಅದರಾಚೆ ಪ್ರತಿ 10 ಡಿಗ್ರಿಗೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಉರಿಬಿಸಿಲು, ತುಂಬಿದ ಗಾಡಿ, ನಿಂತು ನಿಂತು ಹೋಗುವ ರಸ್ತೆ ಮೂರೂ ಸೇರಿದರೆ ಈ ಗಡಿ ದಾಟುವುದು ಕಷ್ಟವಲ್ಲ. ಬಹಳಷ್ಟು ಗಾಡಿಗಳಲ್ಲಿ ಈ ಆಯಿಲ್ ತಣಿಯುವುದು ರೇಡಿಯೇಟರಿನಲ್ಲೇ ಆದ್ದರಿಂದ, ಅಲ್ಲಿ ಇಂಜಿನ್ ತಣಿಸುವ ಕೂಲೆಂಟ್ ಕಡಿಮೆಯಾದರೂ ಗೇರ್‌ಬಾಕ್ಸೇ ಬಿಸಿಯೇರುತ್ತದೆ. ಹೊಸದರಲ್ಲಿ ಸಾಮಾನ್ಯವಾಗಿ ಕೆಂಪಗಿರುವ ಆಯಿಲ್ ಆಗ ಕಂದಾಗುತ್ತದೆ. ಮೆಕ್ಯಾನಿಕ್ ಒಬ್ಬರು ಆಯಿಲ್ ಗೇಜ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು, ತುದಿಯನ್ನು ಬಿಳಿ ಬಟ್ಟೆಗೆ ಒರೆಸಿ, ಬಣ್ಣ ನೋಡುವ ಮೊದಲೇ ಬಟ್ಟೆಯನ್ನು ಮೂಗಿಗೆ ಹಿಡಿದದ್ದನ್ನು ನೋಡಿದ್ದೇನೆ. ‘ಸೀದ್ಹೋಗಿದೆ’ ಎಂದರು, ಅಷ್ಟೆ.

ಕರಡಿನಲ್ಲಿ ಇದಕ್ಕೆ ‘ದಹನ ವಾಸನೆ’ ಎಂದಿದೆ. ಹೆಣ ಸುಡುವ ನೆನಪಾಗುತ್ತದೆ. ನಮ್ಮಲ್ಲಿ ಪದಗಳಿಗೇನು ಬರವೇ? ಪಾತ್ರೆಯ ತಳ ಹತ್ತಿದರೆ ಸೀದ ವಾಸನೆ, ಕೂದಲು, ಬಟ್ಟೆ ಸುಟ್ಟರೆ ಕಮರು ವಾಸನೆ, ಹಳಸಲು ಎಣ್ಣೆಗೆ ಕಮಟು. ಕ್ಲಚ್ ಸುಟ್ಟರೆ ಬರುವುದು ಪ್ಲೇಟಿನ ಲೈನಿಂಗ್ ಉಜ್ಜಿ ಉಜ್ಜಿ ಕರಟಿದ ವಾಸನೆ, ಮೂಗಿಗೆ ಚುಚ್ಚುವಂಥದ್ದು. ಏರಿನಲ್ಲಿ ಬ್ರೇಕ್ ಬಿಟ್ಟು, ಕ್ಲಚ್ ಪೆಡಲನ್ನು ಅರ್ಧ ಮಾತ್ರ ಒತ್ತಿ, ಹಾಫ್ ಕ್ಲಚ್ಚಿನ ಮೇಲೇ ಗಾಡಿ ನಿಲ್ಲಿಸಿಕೊಳ್ಳುವವರಿಗೆ ಇದು ಚಿರಪರಿಚಿತ. ಅದಕ್ಕೆ ‘ಕಮರು’, ಆಯಿಲಿಗೆ ‘ಸೀದ’ ಎಂದು ಹಂಚಿದರೆ ಓದುವವನಿಗೆ ಕಾಯಿಲೆ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಒಂದು ಕಂಡರೆ ಕಾಲಿನ ಅಭ್ಯಾಸ ತಿದ್ದಿಕೊಳ್ಳಬೇಕು, ಇನ್ನೊಂದು ಕಂಡರೆ ಆಯಿಲ್ ಬದಲಿಸಬೇಕು.

(ವಾಸನೆ ‘ಕಂಡರೆ’ ಎಂದು ಬರೆದೆ, ನಗಬೇಡಿ.)

ಕೇಳಬೇಕಾದದ್ದು ಇಷ್ಟು. ನಿಮ್ಮ ಕಡೆಯ ಮಾತಿನಲ್ಲಿ ಕಮರು, ಸೀದ, ಕಮಟು ಈ ಮೂರಕ್ಕೂ ನಾನು ಹೇಳಿದಂತೆ ಬೇರೆ ಬೇರೆ ಮೂಗು ಇದೆಯೇ, ಅಥವಾ ಎಲ್ಲಕ್ಕೂ ‘ಸುಟ್ಟ ವಾಸನೆ’ ಒಂದೇ ಸಾಕೇ? ಹಾಫ್ ಕ್ಲಚ್ಚಿಗೆ ‘ಅರೆ ಕ್ಲಚ್’ ಎಂದು ಯಾರಾದರೂ ಬಾಯಲ್ಲಿ ಆಡಿದ್ದನ್ನು ಕೇಳಿದ್ದೀರಾ? ಬರಹದಲ್ಲಿ ನೋಡಿದ್ದು ಬೇಡ, ಕಿವಿಯಾರೆ ಕೇಳಿದ್ದು ತಿಳಿಸಿ.