ಅತ್ತೆಯ ಮದುವೆ ಕ್ಯಾಸೆಟ್ ಯಾರ ಕೈಗೆ?

(ನಮ್ಮ ಮನೆ ಗುಂಪು. ಬುಧವಾರ ರಾತ್ರಿಯಿಂದ.)

ತಿಪಟೂರು ಚಿಕ್ಕಪ್ಪ: ಎಲ್ಲರಿಗೂ ಒಂದು ಸುದ್ದಿ. ಬೀರುವಿನ ಕೆಳಖಾನೆಯಲ್ಲಿ ಅಕ್ಕನ ಮದುವೆ ಕ್ಯಾಸೆಟ್ ಸಿಕ್ಕಿತು. 1991ರದ್ದು. ಅಮ್ಮನಿಗೆ ಎಂಬತ್ತು ತುಂಬುವ ದಿನ ಹೊಸ ಟಿವಿಗೆ ಕ್ಯಾಸೆಟ್ ಓಡಿಸುವ ವಿಸಿಆರ್ ಮಿಷನ್ ಸಿಕ್ಕಿಸಿ ಹಾಕುತ್ತೇನೆ. ಎಲ್ಲರೂ ಬನ್ನಿ.

ಡಲ್ಲಾಸ್ ಅತ್ತೆ: ಅಯ್ಯೋ, ಅದು ಇನ್ನೂ ಇದೆಯಾ? ದಯವಿಟ್ಟು ಇಲ್ಲಿಗೆ ಕಳಿಸು. ನನ್ನ ಮದುವೆ ಕ್ಯಾಸೆಟ್ ನನ್ನ ಹತ್ತಿರ ಇರಲಿ. ಇಲ್ಲೇ ಡಿಜಿಟಲ್ ಮಾಡಿಸಿ ಎಲ್ಲರಿಗೂ ಹಾಕುತ್ತೇನೆ.

ಚಿಕ್ಕಪ್ಪ: ಮೂವತ್ತು ವರ್ಷ ಜೋಪಾನ ಮಾಡಿದ್ದು ನಾನು ಅಕ್ಕ. ವಿಸಿಆರ್ ಕೂಡ ನಮ್ಮ ಮನೆಯಲ್ಲೇ ಇದೆ. ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ತಂದಿದ್ದು. ನೆನಪಿದೆ ತಾನೇ?

ಮೈಸೂರು ದೊಡ್ಡಪ್ಪ: ಇಬ್ಬರೂ ಜಗಳ ಆಡಬೇಡಿ. ಸ್ಟುಡಿಯೋಗೆ ಕೊಟ್ಟುಬಿಡಿ. ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾರೆ.

ನಾನು: ಚಿಕ್ಕಪ್ಪ, ಒಂದು ನಿಮಿಷ. ಕ್ಯಾಸೆಟ್ ಇನ್ನೂ ವಿಸಿಆರ್ ಒಳಗೆ ಹಾಕಿಲ್ಲ ಅಲ್ವಾ? ದಯವಿಟ್ಟು ಹಾಕಬೇಡಿ. ನಾನು ಶನಿವಾರ ಬೆಂಗಳೂರಿಂದ ಬರುತ್ತೇನೆ. ಅಲ್ಲಿವರೆಗೆ ಮುಟ್ಟಬೇಡಿ.

ಚಿಕ್ಕಪ್ಪ: ಯಾಕೆ ಪುಟ್ಟಿ? ಸುಮ್ನೆ ಒಂದು ಸಲ ಹಾಕಿ ನೋಡಿದರೆ ಏನಾಗುತ್ತೆ?

ನಾನು: ಆ ಒಂದು ಸಲವೇ ಕೊನೆ ಸಲ ಆಗಬಹುದು. ಅದೇ ಭಯ. ಇಪ್ಪತ್ತು ವರ್ಷದಿಂದ ಆ ಮಿಷನ್ ಓಡಿಲ್ಲ. ಒಳಗೆ ರಬ್ಬರ್ ಬೆಲ್ಟ್ ಇರುತ್ತೆ, ರಬ್ಬರ್ ಚಕ್ರ ಇರುತ್ತೆ. ಹಳೆಯದಾದರೆ ಸಡಿಲ ಆಗುತ್ತವೆ, ಅಂಟಂಟು ಆಗುತ್ತವೆ. ಮಿಷನ್ ಟೇಪನ್ನು ಎಳೆದು, ಚಿತ್ರ ಓದುವ ಡ್ರಮ್ಮಿಗೆ ಸುತ್ತುತ್ತೆ, ಆಮೇಲೆ ವಾಪಸ್ ಸುತ್ತಿಕೊಳ್ಳಲು ಆಗದೆ ಜಗಿದುಬಿಡುತ್ತೆ. ಆ ಡ್ರಮ್ ಸೆಕೆಂಡಿಗೆ 25 ಸುತ್ತು ತಿರುಗುತ್ತೆ ಚಿಕ್ಕಪ್ಪ. ಟೇಪ್ ಒಮ್ಮೆ ಸಿಕ್ಕಿಕೊಂಡರೆ ಮುಗಿಯಿತು.

ನಾನು: ತಾತ ಹೋದಾಗ ನನಗೆ ಒಂದು ವರ್ಷ. ಅವರ ಮುಖ ಫೋಟೋದಲ್ಲಿ ಗೊತ್ತು. ದನಿ ಹೇಗಿತ್ತು ಅಂತ ಗೊತ್ತೇ ಇಲ್ಲ. ಆ ಕ್ಯಾಸೆಟ್ ಬಿಟ್ಟರೆ ತಾತ ನಡೆದಾಡೋದು ಬೇರೆಲ್ಲೂ ಇಲ್ಲ.

ಚಿಕ್ಕಮ್ಮ: ಪುಟ್ಟಿ ಹೇಳುವುದು ಸರಿ. ನಮ್ಮತ್ತೆ, ನಿನ್ನ ಅಜ್ಜಿ, ಪಕ್ಕದಲ್ಲೇ ಕೂತಿದ್ದಾರೆ. ‘ಅವರ ದನಿ ಬರುತ್ತಾ’ ಅಂತ ಆಗಲೇ ಮೂರು ಸಲ ಕೇಳಿದರು.

ಡಲ್ಲಾಸ್ ಅತ್ತೆ: ಅದಕ್ಕೇ ಹೇಳುವುದು, ಇಲ್ಲಿಗೆ ಕಳಿಸಿ ಅಂತ. ಇಲ್ಲಿ ಇದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ.

ನಾನು: ಅತ್ತೆ, ನಮ್ಮದು ಪಾಲ್ (PAL) ಅನ್ನುವ ಟಿವಿ ಪದ್ಧತಿಯ ಕ್ಯಾಸೆಟ್. ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ. 525 ಗೆರೆ, ಸೆಕೆಂಡಿಗೆ ಹೆಚ್ಚು ಕಡಿಮೆ 30 ಚಿತ್ರ. ಕ್ಯಾಸೆಟ್ ಅಲ್ಲಿನ ವಿಸಿಆರ್‌ನಲ್ಲಿ ಕೂರುತ್ತೆ, ಚಿತ್ರ ಮಾತ್ರ ನೆಟ್ಟಗೆ ಬರುವುದಿಲ್ಲ.

ಡಲ್ಲಾಸ್ ಅತ್ತೆ: ಪಾಲ್ ಮಾಡುವವರೂ ಇದ್ದಾರೆ ಪುಟ್ಟಿ. ವಿಚಾರಿಸಿದ್ದೇನೆ.

ನಾನು: ಇರಬಹುದು ಅತ್ತೆ. ಆದರೆ ಇರುವುದು ಒಂದೇ ಪ್ರತಿ. ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ಟೇಪಿಗೆ ಏನೂ ಆಗುವುದಿಲ್ಲ, ಆ ಚಿಂತೆ ಇಲ್ಲ. ಪಾರ್ಸೆಲ್ ಕಳೆದುಹೋದರೆ ಯಾರನ್ನು ಕೇಳೋಣ? ಮೊದಲು ಇಲ್ಲೇ ಒಂದು ಪ್ರತಿ ತೆಗೆಯೋಣ. ಆಮೇಲೆ ಮೂಲ ಕ್ಯಾಸೆಟ್ ನಿಮಗೇ ಸೇರಲಿ. ನಿಮ್ಮ ಮದುವೆಯದು, ನಿಮ್ಮದೇ ಹಕ್ಕು.

ದೊಡ್ಡಪ್ಪ: ನಾನು ಹೇಳಿದ ಹಾಗೆ ಸ್ಟುಡಿಯೋಗೆ ಕೊಡುವುದು ಬೇಡವಾ? ಯಾಕೆ?

ಚಿಕ್ಕಮ್ಮ: ಭಾವ, ನಮ್ಮ ಗೃಹಪ್ರವೇಶದ ಕ್ಯಾಸೆಟ್ ಒಂದು ಕಡೆ ಕೊಟ್ಟಿದ್ದೆವು. ಟೇಪ್ ಹರಿದು ವಾಪಸ್ ಬಂತು. ಅದಕ್ಕೇ ಪುಟ್ಟಿ ಹೆದರುವುದು.

(ಗುರುವಾರ)

ತಮ್ಮ: ಅಕ್ಕಾ, ವಿಸಿಆರನ್ನು ಹೊಸ ಟಿವಿಗೆ ಸೇರಿಸುವ ಬಾಕ್ಸ್ ತಂದಿದ್ದೇನೆ. ವಿಸಿಆರ್‌ನ ಹಳದಿ, ಬಿಳಿ ವೈರು ಅದಕ್ಕೆ ಸಿಕ್ಕಿಸಿದೆ, ಅಲ್ಲಿಂದ ಟಿವಿಗೆ ಎಚ್‌ಡಿಎಂಐ ಹಾಕಿದೆ. ಸಿಗ್ನಲ್ ಇಲ್ಲ ಅಂತ ಬರುತ್ತಿದೆ. ಕ್ಯಾಸೆಟ್ ಹಾಕಿಲ್ಲ, ಬೈಬೇಡ. ವಿಸಿಆರ್ ಆನ್ ಮಾಡಿದರೆ ನೀಲಿ ಪರದೆಯಾದರೂ ಬರಬೇಕಿತ್ತು ಅಲ್ವಾ?

ನಾನು: ಬಾಕ್ಸ್ ಮೇಲೆ ಏನು ಬರೆದಿದೆ ನೋಡು. ಫೋಟೋ ಹಾಕು.

ತಮ್ಮ: ಎಚ್‌ಡಿಎಂಐ ಟು ಎವಿ.

ನಾನು: ಉಲ್ಟಾ ತಂದಿದ್ದೀಯ. ಅದು ಹೊಸ ಸೆಟ್‌ಟಾಪ್ ಬಾಕ್ಸನ್ನು ಹಳೆ ಟಿವಿಗೆ ಕೊಡುವ ಬಾಕ್ಸ್. ನಮಗೆ ಬೇಕಾದ್ದು ಎವಿ ಟು ಎಚ್‌ಡಿಎಂಐ. ಎವಿ ಅಂದರೆ ಆ ಹಳದಿ, ಬಿಳಿ ವೈರು. ನೋಡಲು ಎರಡೂ ಒಂದೇ ಥರ ಇರುತ್ತವೆ, ಎಲ್ಲರೂ ಇಲ್ಲೇ ಎಡವುತ್ತಾರೆ. ಟಿವಿಯ ಎಚ್‌ಡಿಎಂಐ ತೂತು ಒಳಗೆ ತೆಗೆದುಕೊಳ್ಳುವುದಕ್ಕೆ ಮಾತ್ರ, ಈ ಬಾಕ್ಸಿನದೂ ಹಾಗೇ. ಎರಡೂ ಕಡೆ ಕೇಳುವವರೇ, ಹೇಳುವವರು ಯಾರೂ ಇಲ್ಲ. ವಾಪಸ್ ಕೊಡು. ಬೇರೆ ತರಬೇಡ, ವಿಸಿಆರ್ ಚಿತ್ರವನ್ನು ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿಸುವ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ನನ್ನ ಹತ್ತಿರ ಇದೆ.

ಚಿಕ್ಕಪ್ಪ: ಕಡ್ಡಿಯಿಂದ ಲ್ಯಾಪ್‌ಟಾಪ್‌ಗೆ ಹೋಗುತ್ತೆ ತಾನೇ? ನನಗೆ ದೊಡ್ಡ ಟಿವಿಯಲ್ಲಿ ಬೇಕು. ಅಮ್ಮ ಆ ಸಣ್ಣ ಪರದೆಯಲ್ಲಿ ಏನು ನೋಡುತ್ತಾರೆ? ಮೊದಲು ಎಲ್ಲರೂ ಕೂತು ನೋಡೋಣ, ರೆಕಾರ್ಡಿಂಗ್ ಮಾರನೇ ದಿನ ಮಾಡಿಕೋ.

ನಾನು: ಬೇಡ ಚಿಕ್ಕಪ್ಪ. ಮೊದಲ ಸಲ ಓಡುವಾಗಲೇ ರೆಕಾರ್ಡ್ ಆಗಬೇಕು. ಎರಡನೇ ಸಲ ಇರುತ್ತೆ ಅಂತ ನಂಬುವ ಹಾಗಿಲ್ಲ.

ತಮ್ಮ: ಹಳದಿ ವೈರಿಗೆ ವೈ ಪಿನ್ ಹಾಕಿ ಟಿವಿಗೂ ಕಡ್ಡಿಗೂ ಕೊಟ್ಟರೆ?

ನಾನು: ಸಿಗ್ನಲ್ ಎರಡು ಪಾಲಾಗಿ ಎರಡೂ ಕಡೆ ಮಂಕಾಗುತ್ತೆ. ಮೊದಲೇ ಈ ವಿಎಚ್‌ಎಸ್ ಕ್ಯಾಸೆಟ್ಟಿನ ಚಿತ್ರ ಮಬ್ಬು. ನಾನು ಯೋಚಿಸಿರುವುದು ಹೀಗೆ. ವಿಸಿಆರ್‌ನಿಂದ ಕಡ್ಡಿ, ಕಡ್ಡಿಯಿಂದ ಲ್ಯಾಪ್‌ಟಾಪ್, ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಟಿವಿ. ಲ್ಯಾಪ್‌ಟಾಪ್ ಪರದೆಯಲ್ಲಿ ಬರುವುದೇ ಟಿವಿಯಲ್ಲೂ ಬರುತ್ತೆ. ಅಜ್ಜಿ ದೊಡ್ಡ ಪರದೆಯಲ್ಲಿ ನೋಡುತ್ತಾರೆ, ಅದೇ ಹೊತ್ತಿಗೆ ರೆಕಾರ್ಡೂ ಆಗುತ್ತೆ. ಒಂದೇ ಓಟ.

ಚಿಕ್ಕಪ್ಪ: ಇದನ್ನು ಮೊದಲೇ ಹೇಳಬಾರದಿತ್ತಾ! ಹಾಗಾದರೆ ಆಗಲಿ.

ನಾನು: ಇನ್ನೊಂದು ಕೆಲಸ. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಬಿಟ್ಟು ನೋಡಿ. ಟೇಪ್ ಸುರುಳಿಯ ಅಂಚಿನಲ್ಲಿ ಸುಣ್ಣದ ಪುಡಿ ಥರ, ಇಲ್ಲ ಬಿಳಿ ಎಳೆ ಥರ ಏನಾದರೂ ಇದೆಯಾ? ಇದ್ದರೆ ಬೂಷ್ಟು. ಬೂಷ್ಟು ಹಿಡಿದ ಟೇಪನ್ನು ಓಡಿಸಿದರೆ ಡ್ರಮ್ಮಿನ ಮೇಲೆ ಟೇಪ್ ಓದುವ ಹೆಡ್ಡೂ ಕೆಡುತ್ತೆ.

ಚಿಕ್ಕಮ್ಮ: ನಾನೇ ನೋಡಿದೆ. ಕಪ್ಪಗೆ ನುಣ್ಣಗೆ ಇದೆ. ಬಿಳಿ ಏನೂ ಇಲ್ಲ. ಲೇಬಲ್ ಇರುವ ಅಂಚಿನ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇದೆ, ಅದು ಏನು?

ನಾನು: ಅದನ್ನು ಸ್ಕ್ರೂಡ್ರೈವರ್‌ನಿಂದ ಮುರಿದುಬಿಡಿ ಚಿಕ್ಕಮ್ಮ. ಅದು ಇರುವವರೆಗೂ ಯಾರಾದರೂ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಮದುವೆ ಅಳಿಸಿಹೋಗುತ್ತೆ. ಮುರಿದರೆ ಕ್ಯಾಸೆಟ್ ಮೇಲೆ ರೆಕಾರ್ಡ್ ಆಗುವುದೇ ಇಲ್ಲ.

(ಶನಿವಾರ, ನಾನು ತಿಪಟೂರಿನಿಂದ)

ನಾನು: ದೊಡ್ಡಪ್ಪ, ಅತ್ತೆ, ಇಲ್ಲಿಯ ವರದಿ. ಟಿವಿ ರಿಪೇರಿಯವರು ಮನೆಗೇ ಬಂದು ಬೆಲ್ಟ್ ಬದಲಿಸಿದರು. ಡ್ರಮ್ಮನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಚರ್ಮದ ತುಂಡಿನಿಂದ ಒರೆಸಿದರು. ಹತ್ತಿ ಕಡ್ಡಿ ಬೇಡವೇ ಬೇಡ ಅಂದರು, ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತಂತೆ. ಒರೆಸಿದ್ದು ಅಡ್ಡಕ್ಕೆ, ಡ್ರಮ್ ತಿರುಗುವ ದಿಕ್ಕಿನಲ್ಲೇ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತೆ. ನಾನು ಉಸಿರು ಹಿಡಿದು ನೋಡುತ್ತಿದ್ದೆ. ವಿಸಿಆರ್ ಮಾಡುತ್ತಿದ್ದ ಕೊನೆಯ ಜಪಾನಿ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಈ ಮಿಷನ್ ಕೆಟ್ಟರೆ ಹೊಸದು ಎಲ್ಲೂ ಇಲ್ಲ.

ದೊಡ್ಡಪ್ಪ: ಮದುವೆ ಹಾಕಿದಿರಾ?

ನಾನು: ಇಲ್ಲ, ಪರೀಕ್ಷೆಗೆ ಬೇರೆ ಕ್ಯಾಸೆಟ್. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್.

ಚಿಕ್ಕಪ್ಪ: ನನ್ನನ್ನು ಕೇಳದೆ ಅದನ್ನು ತೆಗೆದಳು! ಬೆಂಗಳೂರು ಚಿನ್ನಸ್ವಾಮಿಯದು. ವೆಂಕಟೇಶ್ ಪ್ರಸಾದ್ ಸೊಹೈಲ್‌ನ ಸ್ಟಂಪ್ ಎಗರಿಸಿದ್ದು. ಅಪರೂಪದ್ದು ಅದು.

ನಾನು: ಆ ಮ್ಯಾಚು ನೂರು ಕಡೆ ಸಿಗುತ್ತೆ ಚಿಕ್ಕಪ್ಪ. ತಾತ ಸಿಗುವುದು ಒಂದೇ ಕಡೆ. ಅದಕ್ಕೇ ಅದನ್ನು ತೆಗೆದೆ. ಆದರೂ ಕೇಳಿ ತೆಗೆಯಬೇಕಿತ್ತು, ತಪ್ಪಾಯಿತು. ಕ್ಯಾಸೆಟ್‌ಗೆ ಏನೂ ಆಗಿಲ್ಲ.

ತಮ್ಮ: ಮೊದಲು ಕಪ್ಪುಬಿಳುಪು ಬಂತು, ಚಿತ್ರ ಉರುಳುತ್ತಿತ್ತು. ಅಕ್ಕ ಸಾಫ್ಟ್‌ವೇರಿನಲ್ಲಿ ಎನ್‌ಟಿಎಸ್‌ಸಿ ತೆಗೆದು ನಮ್ಮ ದೇಶದ ಪಾಲ್ ಬಿ ಮಾಡಿದಳು, ಬಣ್ಣ ಬಂತು. ಅಡ್ಡಕ್ಕೆ ಬಿಳಿ ಪಟ್ಟಿ ಇತ್ತು, ಟ್ರ್ಯಾಕಿಂಗ್ ಗುಂಡಿ ತಿರುಗಿಸಿದ ಮೇಲೆ ಹೋಯಿತು.

ನಾನು: ದನಿ ಎಡಗಡೆ ಮಾತ್ರ ಬರುತ್ತಿದೆ. ಮಿಷನ್ ಮಾನೊ, ಅಂದರೆ ದನಿಗೆ ಒಂದೇ ದಾರಿ. ಅದು ಸಹಜ. ಆಮೇಲೆ ಎರಡೂ ಕಡೆಗೆ ಹಾಕುತ್ತೇನೆ. ಮೂರು ಗಂಟೆಗೆ 11 ಜಿಬಿ ಆಗುತ್ತೆ, ಜಾಗ ಮಾಡಿಕೊಂಡಿದ್ದೇನೆ. ಲ್ಯಾಪ್‌ಟಾಪ್ ನಡುವೆ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿದ್ದೇನೆ. ನಾಳೆ ಹತ್ತು ಗಂಟೆಗೆ.

(ಭಾನುವಾರ)

ಡಲ್ಲಾಸ್ ಅತ್ತೆ: ಇಲ್ಲಿ ರಾತ್ರಿ ಹನ್ನೆರಡು. ನಿದ್ದೆ ಬರುತ್ತಿಲ್ಲ. ಏನಾಯಿತು?

ನಾನು: ಒಂದು ಗಂಟೆ ಹತ್ತು ನಿಮಿಷ ಆಯಿತು ಅತ್ತೆ. ಮಿಷನ್ ಚೆನ್ನಾಗಿ ಓಡುತ್ತಿದೆ. ಧಾರೆ ಮುಗಿಯಿತು. ನೀವು ಎಷ್ಟು ಸಣ್ಣ ಇದ್ದಿರಿ! ಒಂದೇ ಬೇಜಾರು. ವಿಡಿಯೊದವರು ಮೂಲ ದನಿ ಅಳಿಸಿ ಉದ್ದಕ್ಕೂ ಸಿನಿಮಾ ಹಾಡು ಹಾಕಿದ್ದಾರೆ. ತಾತ ಎರಡು ಸಲ ಬಂದರು, ಬಾಯಿ ಅಲ್ಲಾಡುತ್ತೆ, ಮಾತು ಕೇಳಿಸುವುದಿಲ್ಲ. ಅಜ್ಜಿ ಏನೂ ಹೇಳುತ್ತಿಲ್ಲ, ಸುಮ್ಮನೆ ನೋಡುತ್ತಿದ್ದಾರೆ.

ಡಲ್ಲಾಸ್ ಅತ್ತೆ: ಆಗ ಎಲ್ಲರದೂ ಹಾಗೇ ಮಾಡುತ್ತಿದ್ದರು ಪುಟ್ಟಿ. ನನಗೂ ಮರೆತೇ ಹೋಗಿತ್ತು.

ನಾನು: ಅತ್ತೆ!! ಪಂಕ್ತಿ ಊಟದಲ್ಲಿ ಹಾಡು ನಿಂತಿತು. ಆ ಕೊನೆ ಭಾಗಕ್ಕೆ ಹಾಡು ಸೇರಿಸಿಯೇ ಇಲ್ಲ. ಎಲೆಗಳ ಸದ್ದು, ಮಕ್ಕಳ ಗಲಾಟೆ, ಎಲ್ಲ ಇದೆ. ತಾತ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ಕೈ ತೋರಿಸಿ, ‘ಆ ಮೂಲೆಗೆ ತುಪ್ಪ ಬಂದಿಲ್ಲ ಕಣಯ್ಯ, ನೋಡು’ ಅಂದರು. ಅಷ್ಟೇ. ನಾಲ್ಕು ಸೆಕೆಂಡ್.

ಚಿಕ್ಕಮ್ಮ: ನಮ್ಮತ್ತೆ ಅಳುತ್ತಿದ್ದಾರೆ. ನಮ್ಮವರೂ ಅಷ್ಟೇ.

ದೊಡ್ಡಪ್ಪ: ಅಪ್ಪನ ದನಿ ಗುಂಪಿಗೆ ಹಾಕು ಮಗಳೇ.

ಚಿಕ್ಕಪ್ಪ: ಅಮ್ಮ ಇನ್ನೊಂದು ಸಲ ಹಾಕು ಅನ್ನುತ್ತಿದ್ದಾರೆ. ಹಿಂದಕ್ಕೆ ಸುತ್ತಲಾ?

ನಾನು: ಸುತ್ತಬೇಡಿ ಚಿಕ್ಕಪ್ಪ, ಕೊನೆಯವರೆಗೂ ಓಡಲಿ. ಇನ್ನು ಹತ್ತೇ ನಿಮಿಷ. ಆಮೇಲೆ ಫೈಲಿನಿಂದ ಎಷ್ಟು ಸಲ ಬೇಕಾದರೂ ಹಾಕುತ್ತೇನೆ.

(ಸಂಜೆ)

ಡಲ್ಲಾಸ್ ಅತ್ತೆ: ಕೇಳಿದೆ. ಕ್ಯಾಸೆಟ್ ಅಮ್ಮನ ಹತ್ತಿರವೇ ಇರಲಿ. ನನಗೆ ಫೈಲ್ ಸಾಕು.

ಚಿಕ್ಕಮ್ಮ: ಬೀರುವಿನ ಮೇಲಿನ ಖಾನೆಯಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿ ಇಟ್ಟಿದ್ದೇನೆ. ನಮ್ಮತ್ತೆ ಈಗ ಒಂಬತ್ತನೇ ಸಲ ಹಾಕಿಸಿಕೊಂಡರು.